ಅತ್ತೆಯ ಹೆಬ್ಬಾವು

ನಮ್ಮ ಸೋದರತ್ತೆ ಮನೆಯೊಳಗೆ ಹೆಬ್ಬಾವು ಸಾಕಿದ್ದಾರೆ ಎಂದು ಮಾಕಳಿಯ ಅವರ ಬೀದಿಯಲ್ಲಿ ಇಡೀ ವಾರ ಸುದ್ದಿಯಿತ್ತು. ಸುದ್ದಿ ಪೂರ್ತಿ ಸುಳ್ಳು ಎನ್ನಲಾರೆ. ತಂದುಕೊಟ್ಟವನು ನಾನೇ!

ಅತ್ತೆ ಪೀಣ್ಯದ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ, ಕೆಲಸಗಾರರಿಗೆ ಉಪಕರಣ ಕೊಡುವ ಸ್ಟೋರಿನ ಕಿಟಕಿಯ ಹಿಂದೆ ಕೂತು ಕೂತೇ ನಿವೃತ್ತರಾದವರು. ನಾನು ಮಹದೇವಪುರದಲ್ಲಿ ಪ್ರೋಗ್ರಾಮ್ ಬರೆಯುವವನು. “ದಿನವೆಲ್ಲಾ ಅಲ್ಲಿ ಏನ್ ಕಡಿದು ಕಟ್ಟೆ ಹಾಕ್ತೀಯೋ? ಒಂದ್ಸಲ ತೋರಿಸು” ಎಂದು ಒಂದು ಭಾನುವಾರ ಪಟ್ಟು ಹಿಡಿದರು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಕಪ್ಪು ಪರದೆ ತೆರೆದು, ‘ಪೈಥಾನ್’ ಎಂದು ಟೈಪಿಸಿ ಎಂಟರ್ ಒತ್ತಿದೆ. ಮೂರು ಬಾಣದ ಗುರುತು ಮೂಡಿ, ಅದರ ಪಕ್ಕ ಕರ್ಸರ್ ಕಣ್ಣು ಮಿಟುಕಿಸತೊಡಗಿತು. ಹದಿನೇಳನ್ನು ಹತ್ತೊಂಬತ್ತರಿಂದ ಗುಣಿಸು ಎಂದೆ. ಮರುಕ್ಷಣವೇ ಉತ್ತರ ಕೆಳಗಿನ ಸಾಲಿನಲ್ಲಿತ್ತು.

“ಪೈಥಾನ್ ಅಂದ್ರೇನೋ?”

“ನಾನು ಪ್ರೋಗ್ರಾಮ್ ಬರೆಯೋ ಭಾಷೆಯ ಹೆಸರು ಅತ್ತೆ. ಹೆಬ್ಬಾವು ಅಂತ ಅರ್ಥ.”

“ಹೆಬ್ಬಾವಾ! ಪುಣ್ಯಾತ್ಮರಿಗೆ ಒಂದು ದೇವರ ಹೆಸರೂ ನೆನಪಾಗ್ಲಿಲ್ವಾ?”

ಲ್ಯಾಪ್‌ಟಾಪನ್ನು ಅತ್ತೆಗೇ ಬಿಟ್ಟುಬಂದೆ. ಮರುದಿನ ಬೆಳಿಗ್ಗೆ ಅವರು ನಡುಮನೆಯಿಂದ ಗಂಡನಿಗೆ ಕೂಗಿ ಹೇಳಿದರಂತೆ: “ರೀ, ಸ್ವಲ್ಪ ತಾಳಿ. ಹೆಬ್ಬಾವನ್ನ ಎಬ್ಬಿಸಿ ಎರಡು ಮಾತಾಡಿಸಿ ಬಂದು ತಿಂಡಿ ಕೊಡ್ತೀನಿ.” ಪಕ್ಕದ ಮನೆಯಾಕೆಯ ಕಿವಿಗೆ ಇಷ್ಟು ಸಾಲದೇ? ಆ ಬಡಾವಣೆಯೆಲ್ಲ ತಮ್ಮ ರಾಗಿ ಹೊಲವಾಗಿದ್ದ ಕಾಲದಿಂದಲೂ ಅಲ್ಲೇ ಇರುವ ಗಟ್ಟಿಗಿತ್ತಿ ಆಕೆ. ವಾರವಿಡೀ ಬೀದಿಗೆಲ್ಲ ಸುದ್ದಿ ಹಂಚಿ, ಕೊನೆಗೆ ದೊಣ್ಣೆ ಹಿಡಿದು ಬಂದರು.

“ಎಲ್ಲೈತವ್ವಾ ಎಬ್ಬಾವು? ಮಕ್ಳುಮರಿ ಓಡಾಡೋ ಜಾಗ!”

ಅತ್ತೆ ಲ್ಯಾಪ್‌ಟಾಪ್ ತೋರಿಸಿದರು. ಆಕೆ ಬಗ್ಗಿ ನೋಡಿದರು.

“ಇದ್ರೊಳಗಾ? ಏನ್ ತಿಂತೈತೆ?”

“ಕರೆಂಟು.”

“ಅಂಗಾದ್ರೆ ಕರೆಂಟ್ ಓದಾಗೆಲ್ಲ ಉಪ್ವಾಸ್ವಾ? ಪಾಪ!” ದೊಣ್ಣೆ ಊರಿಕೊಂಡು ಹೊರಟೇಹೋದರು.

ಅತ್ತೆಗೆ ನಾನೊಂದು ಮೌಸ್ ಕೊಂಡುಕೊಟ್ಟೆ. ಮುಟ್ಟಲಿಲ್ಲ. “ಬಣ್ಣಬಣ್ಣದ ಚಿತ್ರ ಒತ್ತಿ ಹುಡುಕ್ತಾ ಕೂರೋದು ನಂಗಾಗಲ್ಲ ಕಣೋ. ನಮ್ಮ ಸ್ಟೋರಲ್ಲಿ ಯಾರನ್ನಾದ್ರೂ ಒಳಗೆ ಬಿಡ್ತಿದ್ವಾ? ಬೇಕಾದ್ದನ್ನ ಕಿಟಕಿಯಲ್ಲಿ ಸರಿಯಾಗಿ ಕೇಳ್ಬೇಕು. ಸರಿಯಾಗಿ ಕೇಳಿದ್ರೆ ಸಿಗುತ್ತೆ, ತಪ್ಪು ಕೇಳಿದ್ರೆ ವಾಪಸ್.” ಹನ್ನೆರಡು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಇಷ್ಟು ಸಲೀಸಾಗಿ ನನಗೆ ಯಾರೂ ಇದನ್ನು ವಿವರಿಸಿರಲಿಲ್ಲ. ಅತ್ತೆ ದಿನಾ ಒಂದೊಂದು ಸಾಲು ಬರೆಯುತ್ತಿದ್ದರು. ತಪ್ಪಾದರೆ ಅದರಿಂದ ಬೈಸಿಕೊಳ್ಳುತ್ತಿದ್ದರು. ತಿದ್ದುತ್ತಿದ್ದರು. ಸಂಜೆ ಬೆಳ್ಳಂದೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ ಫೋನ್ ಮಾಡಿ, “ಒಂದು ಬ್ರಾಕೆಟ್ ಮುಚ್ಚೋದು ಮರೆತಿದ್ದೆ ಕಣೋ, ಅದಕ್ಕೆ ಮುನಿಸಿಕೊಂಡಿತ್ತು” ಎಂದು ವರದಿ ಕೊಡುತ್ತಿದ್ದರು.

ಮಾವ, ಅಂದರೆ ಅತ್ತೆಯ ಗಂಡ, ಅದೇ ಕಾರ್ಖಾನೆಯಲ್ಲಿದ್ದವರು, ಮಾತಿನ ಮನುಷ್ಯ. ಕಾರ್ಖಾನೆಯ ರಾಜ್ಯೋತ್ಸವದಲ್ಲಿ ಮೈಕು ಒಮ್ಮೆ ಅವರ ಕೈಗೆ ಹೋದರೆ ಮುಖ್ಯ ಅತಿಥಿಗಳಿಗೂ ಸಿಗುತ್ತಿರಲಿಲ್ಲ! “ಗಂಡನ್ನ ಬಿಟ್ಟು ಹಾವಿನ ಜೊತೆ ಹರಟ್ತಾಳೆ ನೋಡೋ” ಎಂದು ನನ್ನ ಹತ್ತಿರ ದೂರುತ್ತಿದ್ದರು.

ಆ ಮಾವನಿಗೆ ಹೋದ ವರ್ಷ ಪಾರ್ಶ್ವವಾಯು ಬಡಿಯಿತು. ಬಲಗೈ ಬಿದ್ದುಹೋಯಿತು. ಜೊತೆಗೆ ಪದಗಳೂ ಹೋದವು. ಎಲ್ಲ ಅರ್ಥವಾಗುತ್ತಿತ್ತು, ಎದುರಿಗಿರುವ ವಸ್ತುವಿನ ಹೆಸರು ಮಾತ್ರ ಬಾಯಿಗೆ ಬಾರದು. ಮಾತು ಕಲಿಸುವ ಮೇಡಂ ಚಿತ್ರಗಳ ಕಾರ್ಡು ಹಿಡಿದು, “ಇದೇನು ಸಾರ್?” ಎಂದು ಕೇಳಿದರೆ ಮಾವ ಮುಖ ತಿರುಗಿಸಿಬಿಡುತ್ತಿದ್ದರು. ನಾವು ಹೋದರೆ ಕಣ್ಣು ಮುಚ್ಚಿ ಮಲಗಿದಂತೆ ನಟಿಸುತ್ತಿದ್ದರು. ಅಷ್ಟು ಮಾತಾಡಿದ ಮನುಷ್ಯ, ಮಗುವಿನಂತೆ ತೊದಲುವುದನ್ನು ಯಾರೆದುರು ಮಾಡಿಯಾರು?

ಒಂದು ಶನಿವಾರ ಹೋದಾಗ ಮಾವ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಪಕ್ಕದಲ್ಲಿ ಅತ್ತೆ, ಅವರೆಕಾಯಿ ಸುಲಿಯುತ್ತಾ. ಮಾವ ಎಡಗೈಯ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ‘ಕಾಫಿ’ ಎಂದು ಕನ್ನಡದಲ್ಲೇ ಒತ್ತಿದರು. ಎಂಟರ್. ಪರದೆ ಇಂಗ್ಲಿಷಿನಲ್ಲಿ ತಕರಾರು ತೆಗೆಯಿತು: ಕಾಫಿ ಎಂಬ ಹೆಸರು ನನಗೆ ಗೊತ್ತಿಲ್ಲ.

“ನೋಡ್ರೀ, ಇದಕ್ಕೂ ಗೊತ್ತಿಲ್ಲ” ಎಂದರು ಅತ್ತೆ, ತಲೆ ಎತ್ತದೆ. “ಈಕ್ವಲ್ ಹಾಕಿ, ಹಾಗಂದ್ರೇನು ಅಂತ ನೀವೇ ಹೇಳ್ಕೊಡಿ.”

ಮಾವ ತುಂಬಾ ಹೊತ್ತು ತೆಗೆದುಕೊಂಡರು. ನಾನು ಸಹಾಯಕ್ಕೆ ಕೈ ಚಾಚಿದರೆ ಅತ್ತೆ ಕಣ್ಣಲ್ಲೇ ಗದರಿಸಿದರು. ಕರ್ಸರ್ ತನ್ನ ಪಾಡಿಗೆ ಮಿಟುಕುತ್ತಾ ಕಾಯುತ್ತಿತ್ತು. ಅದಕ್ಕೆ ಅವಸರವಿಲ್ಲ, ಅಯ್ಯೋ ಪಾಪ ಅನ್ನುವುದಿಲ್ಲ. ಕೊನೆಗೆ ಮಾವ ‘ಬಿಸಿ’ ಎಂದು ಬರೆದರು. ಮತ್ತೆ ‘ಕಾಫಿ’ ಎಂದು ಒತ್ತಿದಾಗ, ಪರದೆ ವಿಧೇಯ ಶಿಷ್ಯನಂತೆ ‘ಬಿಸಿ’ ಎಂದಿತು. ಮಾವನ ಮುಖದ ಒಂದು ಬದಿ ಮಾತ್ರ ನಕ್ಕಿತು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಕಂಡ ಮೊದಲ ನಗು ಅದು.

ನನಗೆ ಉತ್ಸಾಹ ಬಂತು. “ಅತ್ತೆ, ಮುಚ್ಚಿದ ತಕ್ಷಣ ಇದು ಎಲ್ಲಾ ಮರೆತುಬಿಡುತ್ತೆ. ಮಾವ ಹೇಳ್ಕೊಟ್ಟಿದ್ದೆಲ್ಲ ಉಳಿಯೋ ಹಾಗೆ ಒಂದು ಫೈಲ್ ಮಾಡಿಕೊಡ್ತೀನಿ.”

“ಬೇಡ ಕಣೋ,” ಎಂದರು ಅತ್ತೆ. “ಎರಡು ತಿಂಗಳಿಂದ ದಿನಾ ಮರೀತಿದೆ, ಮರೀಲಿ. ಬೆಳಿಗ್ಗೆ ಎದ್ದು ಇದಕ್ಕೆ ಪಾಠ ಹೇಳ್ಬೇಕು ಅಂತ ತಾನೇ ಇವರು ಹಾಸಿಗೆ ಬಿಟ್ಟು ಏಳೋದು?”

ಮಾವ ನಮ್ಮ ಕಡೆ ನೋಡಲೂ ಇಲ್ಲ. ಅತ್ತೆಯ ಮೊರದಿಂದ ಒಂದು ಕಾಯಿ ಎತ್ತಿ ಪರದೆಗೆ ಹಿಡಿದು, ಮಂದಬುದ್ಧಿಯ ಶಿಷ್ಯನಿಗೆ ಹೇಳುವಷ್ಟು ತಾಳ್ಮೆಯಿಂದ, ನಿಧಾನವಾಗಿ, ಬಾಯಿಬಿಟ್ಟು ಹೇಳಿದರು:

“ಅ... ವ... ರೆ.”