ಬಿಲ್ಲೆ ಇಲ್ಲದೆ ಸಮುದ್ರಕ್ಕೆ ಇಳಿಯಬಾರದು

ನಮ್ಮ ಸೋದರಮಾವನಿಗೆ ಸಮುದ್ರದ ದಂಡೆಯಲ್ಲಿ ಸ್ವಂತದ್ದೇ ಆದ ಜೋಡಿ ಮನೆಗಳಿವೆ. ಅವನು ಇರುವುದು ಮಾತ್ರ ಮಸ್ಕಿಯಲ್ಲಿ, ಬಾಡಿಗೆ ಮನೆಯಲ್ಲಿ! ಕುಮಟಾದಾಚೆಯ ಆ ಮನೆಗಳಲ್ಲಿ ಯಾರ್‍ಯಾರೋ ಬಂದು ಅಲೆಯ ಸದ್ದು ಕೇಳುತ್ತ ಸುಖವಾಗಿ ನಿದ್ದೆ ಹೊಡೆಯುತ್ತಾರೆ. ಅದೇ ಅಲೆಯ ಚಿಂತೆಯಲ್ಲಿ ಮಸ್ಕಿಯಲ್ಲಿ ಒಬ್ಬ ಮನುಷ್ಯ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾನೆ. ಹಿಂಗೂ ಇರ್ತಾರೇನು ಎಂದು ಕೇಳಬೇಡಿ. ಇದ್ದಾನೆ. ಅವನ ಮನೆಗಳ ಬುಕಿಂಗ್ ನೋಡಿಕೊಳ್ಳುವ ಕರ್ಮ ಸಿಂಧನೂರಿನಲ್ಲಿ ನೌಕರಿ ಮಾಡಿಕೊಂಡು ತಣ್ಣಗಿದ್ದ ನನ್ನ ಪಾಲಿಗೆ ಬಂದಿದೆ.

ಮಾವ ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದಡಿ ದುಡಿದು ನಿವೃತ್ತನಾದವನು. ಹರೆಯದಲ್ಲಿ ಸೇರಿದ, ತಲೆ ನೆರೆತ ಮೇಲೆ ಹೊರಬಿದ್ದ. ಅಲ್ಲಿಯವರೆಗೆ ಕಂಪನಿಯ ಕ್ವಾರ್ಟರ್ಸೇ ಮನೆ. ಗಣಿಯೊಳಗೆ ಇಳಿದವನು ಮೊದಲು ಮಾಡುವ ಕೆಲಸ ತಲೆಯ ಮೇಲಿನ ಬಂಡೆಯನ್ನು ಸರಳಿನಿಂದ ಬಡಿದು ಕೇಳುವುದಂತೆ. ಗಟ್ಟಿ ಸದ್ದು ಬಂದರೆ ಕೆಲಸ, ಪೊಳ್ಳು ಸದ್ದು ಬಂದರೆ ಓಟ. ಇದು ಗಣಿಯಲ್ಲಿ ಬಹಳ ಒಳ್ಳೆಯ ಪದ್ಧತಿ. ಆದರೆ ಬೀಗರ ಮನೆಯಲ್ಲಿ? ನನಗೆ ವರನ ಮನೆ ನೋಡಲು ಹಿರಿಯರೆಲ್ಲ ಮುದಗಲ್ಲಿಗೆ ಹೋಗಿದ್ದರು. ಎಲ್ಲರೂ ಸುಸಲಾ ತಿನ್ನುತ್ತ ಮಾತಿಗೆ ಕೂತಿರುವಾಗ ಮಾವ ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡು ಚಾವಣಿ ಬಡಿಯಲು ಶುರುಮಾಡಿದ. ಒಂದು ಹೆಂಟೆ ಗಾರೆ ಕಿತ್ತುಕೊಂಡು ನೇರವಾಗಿ ವರನ ತಂದೆಯ ತಟ್ಟೆಗೆ ಬಿತ್ತು! “ನೋಡ್ರಿ, ಟೈಮಿಗೆ ಸರಿಯಾಗಿ ಗೊತ್ತಾತು” ಎಂದು ಮಾವ ಸಂತೋಷಪಟ್ಟ. ಆ ಸಂಬಂಧ ಮುಂದುವರಿಯಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ನಿವೃತ್ತಿಯಾದಾಗ ಜೊತೆಯವರೆಲ್ಲ ಲಿಂಗಸುಗೂರಿನಲ್ಲೋ ಸಿಂಧನೂರಿನಲ್ಲೋ ಸೈಟು ಹಿಡಿದರು. ಮಾವ ಒಪ್ಪಲಿಲ್ಲ.

“ಈ ನೆಲದ ಹೊಟ್ಟ್ಯಾಗ ಇದ್ದು ಬಂದಾಂವ ನಾನು. ಒಳಗ ಎಷ್ಟು ಪೊಳ್ಳು ಐತಿ ಅಂತ ನನಗ ಗೊತ್ತೈತಿ” ಎಂದ.

ಅವನ ಜೊತೆ ಕೆಲಸ ಮಾಡಿದ ಕರಾವಳಿಯ ಗೆಳೆಯನೊಬ್ಬ, ನಮ್ಮೂರ ಕಡೆ ಸಮುದ್ರ ನೋಡಲು ಬರುವವರಿಗೆ ದಿನದ ಲೆಕ್ಕದಲ್ಲಿ ಮನೆ ಬಾಡಿಗೆ ಕೊಡುತ್ತಾರೆ, ಒಳ್ಳೆಯ ಆದಾಯ ಎಂದು ಕಿವಿಗೆ ಹಾಕಿದ. ಮಾವ ಒಬ್ಬನೇ ಹೋಗಿ, ಎರಡೂ ಮನೆಗಳ ಚಾವಣಿ ಬಡಿದು ನೋಡಿ, ನಿವೃತ್ತಿಯಲ್ಲಿ ಬಂದದ್ದನ್ನೆಲ್ಲ ಅಲ್ಲೇ ಸುರಿದು ಬಂದ. ಅತ್ತೆಗೆ ತಿಳಿದದ್ದು ಮನೆ ಕೊಂಡ ಸಂತೋಷಕ್ಕೆ ಅವನು ತಂದ ಪೇಢೆ ಕೈಗೆ ಬಂದಾಗ.

“ಮಾಮಾ, ಅದು ಬರೇ ಉಸುಕು. ಉಸುಕಿನ ಮ್ಯಾಲಿನ ಮನಿಗೆ ಏನು ಭರೋಸಾ?” ಎಂದೆ ನಾನು.

“ಉಸುಕಿನ್ಯಾಗ ಯಾರೂ ಗಣಿ ತೋಡಂಗಿಲ್ಲವ್ವಾ” ಎಂದ.

ಲೆಕ್ಕಾಚಾರ ಸರಳವಾಗಿತ್ತು. ಅಲ್ಲಿಯ ಬಾಡಿಗೆ ಕೂಡಿಸಿ ಮಸ್ಕಿಯಲ್ಲಿ ಅತ್ತೆಗೊಂದು ಮನೆ ಕಟ್ಟುವುದು. ಆದರೆ ನೋಂದಣಿ ಮುಗಿದ ದಿನದಿಂದಲೇ ಮಾವನ ಎದೆಯಲ್ಲಿ ಸಮುದ್ರ ಬಂದು ಕೂತುಬಿಟ್ಟಿತು. ಮಸ್ಕಿಯಲ್ಲಿ ಆಕಾಶ ಬಿಳಿಚಿಕೊಂಡು ಬಿಸಿಲು ಕಾರುತ್ತಿರುವಾಗ ಇವನು ಮೊಬೈಲಿನಲ್ಲಿ ಕುಮಟಾದ ಮಳೆ ನೋಡಿ ಬೆವರುತ್ತಿದ್ದ. ಒಮ್ಮೆ ವಳಕಮದಿನ್ನಿಯ ನೆಂಟರ ಮನೆಗೆ ಹೋಗಿದ್ದೆವು. ಕಾಲುವೆಗೆ ನೀರು ಬರಲಿಲ್ಲವೆಂದು ಭತ್ತದವರೆಲ್ಲ ಬಾಯಿ ಬಿಟ್ಟುಕೊಂಡು ಕೂತಿದ್ದಾರೆ. ಅವರ ನಡುವೆ ನಮ್ಮ ಮಾವ ಮೊಬೈಲು ನೋಡುತ್ತ, “ಸಾಕೋ ಯಪ್ಪಾ, ನೀರು ಕಮ್ಮಿ ಮಾಡೋ ದೇವರೇ!” ಎಂದು ಎರಡೂ ಕೈ ಎತ್ತಿ ಮುಗಿದುಬಿಟ್ಟ! ಅವತ್ತು ನಾವು ಊಟ ಮಾಡಿ ಬಂದದ್ದೇ ಹೆಚ್ಚು.

ಇನ್ನು ಕೂಲರಿನ ಕಥೆ. ಬೇಸಿಗೆಯಲ್ಲಿ ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು ಕೊಟ್ಟು, ಆಮೇಲೆ ಕೂಲರಿನ ಮುಂದೆ ಕೂಡಿಸುವುದು ಮರ್ಯಾದೆ. ನೀರು ತುಂಬಿಸಿ, ಹುಲ್ಲಿನ ಪರದೆ ತೋಯಿಸಿ ಹಚ್ಚಿದರೆ ಸಿಂಧನೂರಿನ ಒಣ ಬಿಸಿಲಿಗೆ ಸ್ವರ್ಗವೇ ಇಳಿಯುತ್ತದೆ. ಹಾಗಾಗಿ ಮಾವ ಸಿಂಧನೂರಿನಲ್ಲಿ ಎರಡು ದೊಡ್ಡ ಕೂಲರು ಕೊಂಡು, ಟೆಂಪೋದಲ್ಲಿ ಹೇರಿ, ಘಟ್ಟ ಇಳಿಸಿ ಸಮುದ್ರದ ದಂಡೆಗೆ ಮುಟ್ಟಿಸಿದ. ಅಲ್ಲಿ ಗಾಳಿಯೇ ತೊಯ್ದಿರುತ್ತದೆ ಎಂಬುದು ರಾಯಚೂರು ಜಿಲ್ಲೆಯವನ ತಲೆಗೆ ಹೊಳೆಯುವುದಾದರೂ ಹೇಗೆ? ಮನೆ ನೋಡಿಕೊಳ್ಳುವ ಅಲ್ಲಿಯ ಅಕ್ಕ ಮರುದಿನವೇ ಫೋನು ಮಾಡಿದಳು.

“ಮಾರಾಯ್ರೇ, ಇದೆಂಥ ಮೆಷಿನು ಕಳಿಸಿದ್ದು? ಹಚ್ಚಿದ ಮೇಲೆ ಉಪ್ಪು ನೀರಾಯ್ತು, ಹಪ್ಪಳ ಬಟ್ಟೆಯಾಯ್ತು, ಬಂದವರ ಮೈಯೆಲ್ಲ ಅಂಟು!”

“ನೀರು ಕಮ್ಮಿ ಹಾಕಿರಬೇಕು ನೀ. ಇನ್ನೊಂದು ಕೊಡ ಹಾಕವ್ವಾ” ಎಂದ ಮಾವ.

ಈಗ ಒಂದು ಕೂಲರಿನಲ್ಲಿ ಅಕ್ಕನ ಕೋಳಿ ಕಾವಿಗೆ ಕೂರುತ್ತದೆ. ಇನ್ನೊಂದು ಖಾಲಿ ಇದೆ. ಕೋಳಿಗೂ ಒಂದು ಬದಲಿ ಮನೆ ಇರಲಿ ಎಂದು ಅಕ್ಕ ಹಾಗೇ ಬಿಟ್ಟಿದ್ದಾಳೆ.

ಇಷ್ಟಾದರೂ ಪರವಾಗಿರಲಿಲ್ಲ. ಮಾವನ ನಿಜವಾದ ಫಿಕರು ಮನೆಯದ್ದಲ್ಲ, ಮನೆಗೆ ಬಂದವರದ್ದು. ಗಣಿಯಲ್ಲಿ ಒಳಗೆ ಇಳಿಯುವ ಪ್ರತಿಯೊಬ್ಬನೂ ನಂಬರು ಕೊರೆದ ಹಿತ್ತಾಳೆಯ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದ ಮೇಲೆ ವಾಪಸು ತೂಗುಹಾಕಬೇಕು. ಒಂದು ಬಿಲ್ಲೆ ಬಾರದಿದ್ದರೂ ಒಬ್ಬ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದೇ ಅರ್ಥ. ಮಾವ ಅದೇ ಪದ್ಧತಿಯನ್ನು ಸಮುದ್ರಕ್ಕೂ ತಂದ! ಲಿಂಗಸುಗೂರಿನಲ್ಲಿ ಹಿತ್ತಾಳೆ ಬಿಲ್ಲೆ ಮಾಡಿಸಿ, ಅಲ್ಲಿ ಬಾಗಿಲ ಪಕ್ಕ ಹಲಗೆ ಹೊಡೆಸಿ, ಮೊಳೆಗಳಿಗೆ ಸಾಲಾಗಿ ತೂಗಿಸಿದ. ಮೇಲೆ ಬರೆಸಿದ್ದು: “ಬಿಲ್ಲೆ ಇಲ್ಲದೆ ಸಮುದ್ರಕ್ಕೆ ಇಳಿಯಬಾರದು.” ದಿನಾ ಸಂಜೆ ಅಕ್ಕ ಫೋನು ಮಾಡಿ, “ಎಲ್ಲ ಬಂದ್ವು” ಎನ್ನಬೇಕು. ಅಲ್ಲಿಯವರೆಗೆ ಮಸ್ಕಿಯಲ್ಲಿ ಮಾವ ರೊಟ್ಟಿ ಮುರಿಯುವುದಿಲ್ಲ. ಅವನು ಮುರಿಯದೆ ಅತ್ತೆಯೂ ಮುರಿಯುವುದಿಲ್ಲ. ಅಲ್ಲಿ ಬಂದವರು ಸೂರ್ಯಾಸ್ತ ಚೆನ್ನಾಗಿದೆ ಎಂದು ಇನ್ನೊಂದು ಗಳಿಗೆ ದಂಡೆಯಲ್ಲಿ ಕೂತರೆ ಇಲ್ಲಿ ಪಲ್ಯ ಆರಿ ತಣ್ಣಗಾಗುತ್ತಿತ್ತು!

ಬಂದವರಲ್ಲಿ ಕೆಲವರು ನಕ್ಕರು, ಕೆಲವರು ಬಿಲ್ಲೆ ಹಿಡಿದು ಫೋಟೊ ತೆಗೆಸಿಕೊಂಡರು. ಒಬ್ಬರು ಮಾತ್ರ, “ಮನೆ ಚೆನ್ನಾಗಿದೆ, ಮಾಲೀಕರು ನಮ್ಮ ತಾಯಿಗಿಂತ ಹೆಚ್ಚು ಕಾಳಜಿ ಮಾಡುತ್ತಾರೆ, ಅದಕ್ಕೇ ಇನ್ನೊಮ್ಮೆ ಬರುವುದಿಲ್ಲ” ಎಂದು ಬರೆದುಹೋದರು.

ಆಮೇಲೆ ಬಂತು ನೋಡಿ ಆ ಸಂಜೆ. ನಾನು ಹಬ್ಬಕ್ಕೆಂದು ಮಸ್ಕಿಗೆ ಬಂದಿದ್ದೆ. ಅಕ್ಕನ ಫೋನು ಬಂತು, ದನಿ ಸಣ್ಣಗಾಗಿತ್ತು. ಅವಳು ಮದುವೆಗೆ ಹೋಗಿ ಈಗಷ್ಟೇ ಬಂದಿದ್ದಾಳೆ, ಮನೆಯಲ್ಲಿ ಯಾರೂ ಇಲ್ಲ, ಹಲಗೆಯಲ್ಲಿ ಒಂದು ಮೊಳೆ ಖಾಲಿ. ಬಂದಿದ್ದವರು ಹುಬ್ಬಳ್ಳಿಯ ಒಬ್ಬ ಲೆಕ್ಚರರು. ಒಬ್ಬರೇ ಬಂದಿದ್ದರು, ಬೆಳಿಗ್ಗೆ ಸಮುದ್ರದ ಕಡೆ ಹೋದದ್ದನ್ನು ಪಕ್ಕದ ಮನೆಯವರು ನೋಡಿದ್ದರು. ಅವರ ಫೋನು ಸ್ವಿಚ್ ಆಫ್.

ಮಾವನ ಮುಖ ಸುಣ್ಣದ ಗೋಡೆಯಾಯಿತು. “ದೋಣಿಯವರನ್ನ ಕರಿಯವ್ವಾ! ಎಲ್ಲಾರನ್ನೂ ಎಬ್ಬಿಸು!” ಎಂದು ಕೂಗಿದ. ಅಲ್ಲಿ ಬಲೆ ಒಣಹಾಕಿದ್ದವರು ಪಾಪ, ಮತ್ತೆ ದೋಣಿ ನೂಕಿದರು. ಇಲ್ಲಿ ಮಾವ ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೇಬಿಟ್ಟ. “ಹಿಂದ ಹೋಗವ್ವಾ, ಒಬ್ಬಾಂವನ್ನ ಬಿಡಬ್ಯಾಡ” ಎಂದು ಅತ್ತೆ ನನ್ನನ್ನು ಅಟ್ಟಿದಳು. ದಾರಿಯುದ್ದಕ್ಕೂ ಅವನು ಒಂದೇ ಮಾತು: “ನನ್ನ ಮನಿಗೆ ಬಂದಾಂವ. ನನ್ನ ಜಿಮ್ಮೇದಾರಿ.” ಲಿಂಗಸುಗೂರಿನಲ್ಲಿ ಬಸ್ಸು ಇಳಿಯುವಷ್ಟರಲ್ಲಿ ಲೆಕ್ಚರರ ಫೋನು ಬಂತು.

“ಏನ್ ಸರ್, ಬಹಳ ಸಲ ಮಾಡೀರಿ? ಚಾರ್ಜ್ ಇರಲಿಲ್ಲ.”

“ನೀವು... ನೀವು ಎಲ್ಲಿದೀರಿ?”

“ಮನ್ಯಾಗ! ಮಧ್ಯಾಹ್ನನೇ ಹೊಂಟ್ ಬಂದೆ. ಬಿಲ್ಲೆ ಭಾರಿ ಐತ್ರಿ ಸರ್, ನೆನಪಿಗೆ ಇರಲಿ ಅಂತ ತಂದೀನಿ. ಸಿಟ್ಟಾಗಬ್ಯಾಡ್ರಿ ಮತ್ತ!”

ನಾನಾಗಿದ್ದರೆ ಆ ಮನುಷ್ಯನಿಗೆ ಸಹಸ್ರನಾಮ ಮಾಡುತ್ತಿದ್ದೆ. ಮಾವ ಮಾತ್ರ, “ಇಟ್ಕೊಳ್ರಿ, ಇಟ್ಕೊಳ್ರಿ. ಚೊಲೊ ಆತು” ಎಂದು ಫೋನು ಇಟ್ಟು, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಸಿದ. ದೋಣಿಯವರನ್ನು ವಾಪಸು ಕರೆಸಲು ಅಕ್ಕನಿಗೆ ನಾನೇ ಫೋನು ಮಾಡಿದೆ. ಚಹಾ ತರಿಸಿದೆ, ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡ.

“ಮಾರಿಬಿಡ್ತೀನವ್ವಾ. ನನ್ನ ಕೈಲೆ ಆಗಂಗಿಲ್ಲ ಇದು” ಎಂದ.

ನಾನೂ ಹೂಂ ಅಂದೆ. ಗಿರಾಕಿಯೂ ಸಿಕ್ಕರು. ಹಾಕಿದಷ್ಟೂ ಬರುವುದಿಲ್ಲ, ಮಸ್ಕಿಯ ಮನೆಯ ಆಸೆ ಅಲ್ಲಿಗೆ ಮುಗಿಯುತ್ತದೆ. ಅತ್ತೆ ಒಂದೇ ಮಾತು ಕೇಳಿದಳು: “ಮಾರೂದಾದ್ರ ಮಾರ್ರಿ. ಆದ್ರ ನನಗ ಒಂದ್ಸಲ ತೋರಿಸಿ ಮಾರ್ರಿ. ನನ್ನ ಮನಿ ನಾನೇ ನೋಡಿಲ್ಲ.”

ಹೌದಲ್ಲ! ಇಷ್ಟೆಲ್ಲ ಗದ್ದಲದಲ್ಲಿ ಅತ್ತೆ ಆ ಮನೆಗೆ ಕಾಲೇ ಇಟ್ಟಿರಲಿಲ್ಲ. ಸಮುದ್ರವನ್ನೂ ನೋಡಿರಲಿಲ್ಲ. ನಮಗ್ಯಾರಿಗೂ ಅದು ಹೊಳೆದಿರಲಿಲ್ಲ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಗಿರಾಕಿ ಮುಂಗಡ ಕೊಡಲು ಬರುವ ದಿನವೇ ಮೂವರೂ ಹೋದೆವು. ಅತ್ತೆ ಮನೆಯೊಳಗೆ ಹೋಗಿ ಒಲೆ ಮುಟ್ಟಿದಳು, ಕಿಟಕಿ ತೆರೆದಳು, ಕೋಳಿಯನ್ನು ಮಾತಾಡಿಸಿದಳು. ಆಮೇಲೆ ಹಲಗೆಯ ಹತ್ತಿರ ಹೋಗಿ ಒಂದು ಬಿಲ್ಲೆ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ನಿನಗ್ಯಾಕ ಅದು? ದಂಡ್ಯಾಗ ನಿಂತು ನೋಡಿದ್ರ ಸಾಕು” ಎಂದ ಮಾವ.

“ಬೋರ್ಡಿನ ಮ್ಯಾಲ ಬರಸಾಂವ ನೀವ” ಎಂದು ಅತ್ತೆ ಹೊರಟೇಬಿಟ್ಟಳು.

ಮೊದಲು ಪಾದ ತೋಯಿಸಿಕೊಂಡಳು. ಅಲೆ ಹಿಂದೆ ಸರಿದಾಗ ಕಾಲಡಿಯ ಮರಳು ಜಾರಿದ್ದಕ್ಕೆ ಹುಡುಗಿಯ ಹಾಗೆ ಕಿರುಚಿ ನಕ್ಕಳು. ಆಮೇಲೆ ಸೀರೆ ಎತ್ತಿ ಕಟ್ಟಿ ಮೊಣಕಾಲಿನವರೆಗೆ ಇಳಿದಳು. ದಂಡೆಯಲ್ಲಿ ಮಾವ ಹತ್ತು ಹೆಜ್ಜೆ ಆ ಕಡೆ, ಹತ್ತು ಹೆಜ್ಜೆ ಈ ಕಡೆ.

“ಸಾಕು ಬಾರಲೇ! ಮುಂದ ಹೋಗಬ್ಯಾಡ! ಏ, ಕೇಳಾಕತ್ತೈತೋ ಇಲ್ಲೋ?”

ಅತ್ತೆ ತಿರುಗಿ ನಿಂತಳು. ಅಲೆಯ ಸದ್ದಿಗೆ ಮೀರುವಂತೆ ಗಟ್ಟಿಯಾಗಿ ಹೇಳಿದಳು: “ನೀವು ಕೆಳಗ ಇಳಿದಾಗೆಲ್ಲ, ಪಾಳಿ ಮುಗಿದು ಗಣಿ ಭೋಂಗಾ ಕೂಗೂತನಕ, ಬಾಗಲದಾಗ ನಿಂತಾಕಿ ನಾನು. ಒಂದು ದಿನನಾದ್ರೂ ಹಿಂಗ ಒದರೀನೇನು? ಇವತ್ತೊಂದು ದಿನ ನೀವು ನಿಂದರ್ರಿ!”

ಮಾವ ನಿಂತ. ಅದೇ ಹೊತ್ತಿಗೆ ಗಿರಾಕಿ ಚೀಲ ಹಿಡಿದುಕೊಂಡು ಬಂದು, “ಮಾತು ಮುಗಿಸೋಣ್ವಾ?” ಎಂದು ಕೇಳಿದರು. ಮಾವ ನೀರಿನಿಂದ ಕಣ್ಣು ತೆಗೆಯದೆ, “ತಡೀರಿ, ನಮ್ಮಾಕಿ ಇನ್ನೂ ಮ್ಯಾಲ ಬಂದಿಲ್ಲ” ಎಂದ. ಪಾಪ, ಅವರು ಕಾದರು. ನೆರಳು ಉದ್ದವಾಯಿತು. ಅತ್ತೆ ಬರುವ ಲಕ್ಷಣ ಕಾಣಲಿಲ್ಲ. “ನಾಳೆ ಬರ್ಲಾ ಹಾಗಾದ್ರೆ?” ಎಂದು ಅವರು ಕೇಳಿದಾಗ ಮಾವ, “ಬ್ಯಾಡ್ರಿ. ತ್ರಾಸು ತಗೋಬ್ಯಾಡ್ರಿ” ಎಂದುಬಿಟ್ಟ.

ಅವರು ಹೋದ ಮೇಲೆ ನನ್ನ ಕಡೆ ತಿರುಗಿದ. ಕಣ್ಣು ತುಂಬಿದ್ದವು. “ಇಳಿಯೂದು ಏನೂ ಅಲ್ಲ ಯವ್ವಾ. ಇಳಿದಾಂವಗ ಕೆಲಸ ಇರ್ತೈತಿ. ಹಿಂಗ ನಿಂದ್ರೂದು ಐತಲ್ಲ...” ಎಂದು ಅಷ್ಟಕ್ಕೇ ನಿಲ್ಲಿಸಿದ. ನನಗೆ ಅಳು ಬಂತು, ಅತ್ತುಬಿಟ್ಟೆ.

ಮನೆ ಮಾರಲಿಲ್ಲ. ಮಸ್ಕಿಗೆ ಬಂದ ಮರುದಿನ ಸಂಜೆ ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಸೆರಗಿನ ತುದಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಗಂಟು ಹಾಗೇ ಇತ್ತು. ಅಕ್ಕನ ಫೋನು ಬಂತು. ಗಾಬರಿಯಲ್ಲಿದ್ದಳು.

“ಮಾರಾಯ್ರೇ, ಮತ್ತೊಂದು ಬಿಲ್ಲೆ ಕಮ್ಮಿ ಉಂಟು. ಎಲ್ಲ ಕಡೆ ಹುಡುಕಿದೆ. ದೋಣಿಯವರಿಗೆ ಹೇಳಲಾ?”

ನಾನು ಮಾವನ ಮುಖ ನೋಡಿದೆ. ಅವನು ಅಡುಗೆಮನೆಯ ಕಡೆ ನೋಡುತ್ತಿದ್ದ.

“ಬ್ಯಾಡವ್ವಾ” ಎಂದ. “ಅದು ಮನಿ ಮುಟ್ಟೈತಿ.”

ಆಮೇಲೆ ಮೊದಲ ರೊಟ್ಟಿ ಮುರಿದು, ಅರ್ಧ ಅವಳಿಗೆಂದು ಪಕ್ಕಕ್ಕಿಟ್ಟ.