ನೆರಳಿಲ್ಲದ ಚಿತ್ರ

ಗಾಜಿಪುರದ ಡ್ರಾಯಿಂಗ್ ಮಾಸ್ತರ ಪ್ರೇಮಕುಮಾರ ತನ್ನ ಹೆಂಡತಿಯ ಚಿತ್ರವನ್ನು ಅವಳಿಗೇ ಗೊತ್ತಾಗದಂತೆ ಬರೆಯುತ್ತಿದ್ದ. "ಗಿಡ, ಗುಮ್ಮಟ ಎಲ್ಲಾ ಬರೀತೀರಿ, ನನ್ನ ಒಮ್ಮೆನೂ ಬರಿಲಿಲ್ಲ" ಎಂದು ಸಂಘಮಿತ್ರಾ ಎಂದೋ ಅಂದದ್ದು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಇವತ್ತು ಸಂಜೆ ಕೊಟ್ಟೇಬಿಡುವುದೆಂದು ಮಾಳಿಗೆಯ ಮೇಲೆ ಕೊನೆಯ ಗೆರೆ ಎಳೆಯುವಾಗ ಪಕ್ಕದ ಮನೆಯ ಮಾಪಣ್ಣ ಗೋಡೆಯಾಚೆಯಿಂದ ಕತ್ತು ಚಾಚಿದ. ಕರೆಯದೆ ಬರುವುದರಲ್ಲಿ ಅವನು ನೊಣಕ್ಕೆ ಅಣ್ಣ.

"ಸರ, ನೆರಳು ಹಾಕ್ರಿ. ಇಲ್ಲಂದ್ರ ಯಾರಂತ ತಿಳಿಯಂಗಿಲ್ಲ."

"ಇದು ಜಪಾನಿ ಪದ್ಧತಿ ಮಾಪಣ್ಣ. ಗೆರಿ, ಬಣ್ಣ, ಅಷ್ಟೇ. ಇಂಥಾ ಚಿತ್ರ ನೋಡೇ ಪ್ಯಾರಿಸಿನ ದೊಡ್ಡ ದೊಡ್ಡ ಕಲಾವಿದರು ನೆರಳು ಬಿಟ್ರು. ಅಲ್ಲಿಗೆ ಹ್ಯಾಂಗ ಹೋದ್ವು ಗೊತ್ತದೇನು? ಪಿಂಗಾಣಿ ಸಾಮಾನಿಗೆ ಸುತ್ತಿದ ರದ್ದಿ ಕಾಗದಾಗಿ ಹೋದ್ವು ಅಂತಾರ."

ಪಾಠ ಮುಗಿಸಿ, ಚಿತ್ರವನ್ನು ಪಲ್ಲಂಗದ ಕೆಳಗೆ ಹಳೆಯ ಹಾಳೆಗಳ ನಡುವೆ ಬಚ್ಚಿಟ್ಟು ಶಾಲೆಗೆ ಹೋದ. ಮಧ್ಯಾಹ್ನ ಬಂದು ಬಗ್ಗಿ ನೋಡಿದರೆ ಅಲ್ಲಿ ಹಳೆಯ ಚಪ್ಪಲಿ ಮಾತ್ರ ಇದ್ದವು.

"ಆ ಹಳೀ ಹಾಳಿ ಕಟ್ಟು ಬಿಚ್ಚದೇ ಹಂಗೇ ಕಮಲಾಪುರಕ್ಕ ಕಳಿಸಿದೆ," ಎಂದಳು ಸಂಘಮಿತ್ರಾ. "ಅವ್ವ ಕೆಂಪು ಬಾಳಿ ಹಣ್ಣಿಗಿಡಾಕ ಕಾಗದ ಕೇಳಿದ್ಳು. ಮುಂಜಾನಿ ನಿಮ್ಮ ಭಾಷಣ ತಳಗಿನ ತನಕ ಕೇಳಸ್ತು. ಸುತ್ತೋ ಕಾಗದದಿಂದೇ ಚಿತ್ರಕ್ಕ ಹೆಸರು ಬಂತಂತಲ್ಲ."

ನಿಜ ಹೇಳಿದರೆ ಗುಟ್ಟು ರಟ್ಟಾಗುತ್ತಿತ್ತು. "ಅತ್ತಿನ್ನ ಮಾತಾಡಿಸ್ಕೊಂಡು ಬರ್ತೀನಿ" ಎಂದು ಓಡಿಹೋಗಿ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಬಾಳೆಯ ಸೊನೆ ಮೆತ್ತಿಕೊಂಡ ಹೆಂಡತಿಯ ಮುಖವೇ ಕಣ್ಣಿಗೆ ಕಟ್ಟಿತ್ತು.

ಕಮಲಾಪುರದಲ್ಲಿ ಗೊನೆಗಳೆಲ್ಲ ಹಳೆಯ ಹಾಳೆ ಹೊದ್ದು ಮೂಲೆಯಲ್ಲಿ ಮಲಗಿದ್ದವು. ಅವನ ಚಿತ್ರ ಮಾತ್ರ ಪಡಸಾಲೆಯ ಗೋಡೆ ಏರಿತ್ತು. ಅದರ ಮುಂದೆ ಅತ್ತೆ ಪುತಳಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದಳು.

"ನನ್ನ ಹರೇದ ಮುಖ ನೀವು ನೋಡೇ ಇಲ್ಲ. ಆದ್ರೂ ಹ್ಯಾಂಗ ಬರದ್ರಿ ಮಾಸ್ತರ್ರ? ಥೇಟ್ ಹಿಂಗೇ ಇದ್ದೆ. ಈ ನತ್ತು ಸುದ್ದಾ ನಂದೇ, ಲಗ್ನದಾಗ ಮಗಳಿಗೆ ಕೊಟ್ಟಿದ್ದು. ಆಗಿನ ಕಾಲದ್ದು ನಂದೊಂದು ಫೋಟೋ ಇರಲಿಲ್ಲ ನೋಡ್ರಿ."

ಅದು ನೀವಲ್ಲ ಎನ್ನಲು ಪ್ರೇಮಕುಮಾರನಿಗೆ ಮನಸ್ಸು ಬರಲಿಲ್ಲ. ಅತ್ತೆ ಹಾಳೆ ಸುತ್ತಿ ಕೊಟ್ಟ ಬಾಳೆಹಣ್ಣು ಹಿಡಿದು ತಿರುಗಿ ಬಂದ.

ಫೋನು ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಸಂಘಮಿತ್ರಾ ಬಾಗಿಲಲ್ಲೇ ನಿಂತಿದ್ದಳು. ಮಾಪಣ್ಣನೂ ಇದ್ದ.

"ಅವ್ವ ಖುಷೀಲೆ ಅಳ್ತಿದ್ಳು. ನಂಗೂ ಛಲೋ ಅನಸ್ತು. ಆದ್ರ ಮನ್ಯಾಗ ಇದ್ದಾಕಿ ನಿಮ್ಮ ಕಣ್ಣಿಗಿ ಕಾಣಲಿಲ್ಲೇನ್ರಿ?"

"ಅಕ್ಕಾರ, ಅದು ಖರೇ ಅಂದ್ರ..." ಎಂದು ಬಾಯಿ ತೆರೆದ ಮಾಪಣ್ಣನ ಕಾಲನ್ನು ಪ್ರೇಮಕುಮಾರ ತುಳಿದ.

"ಈಗೇ ಕುಂದರು. ಬರೀತೀನಿ."

ಮನೆಯಲ್ಲಿ ಬೇರೆ ಕಾಗದವಿರಲಿಲ್ಲ. ಬಾಳೆಹಣ್ಣಿನ ಹಾಳೆಯನ್ನೇ ಬಿಚ್ಚಿ, ಖಾಲಿ ಬದಿಯನ್ನು ಅಂಗೈಯಿಂದ ತೀಡಿ, ಪೆನ್ಸಿಲ್ ಹಿಡಿದ. ಅವಳು ಕೂದಲು ಸರಿಮಾಡಿಕೊಂಡು ನಾಚುತ್ತಾ ಕೂತಾಗ ಅವನಿಗೆ ಅವಳ ಮೇಲೆ ಹೊಸದಾಗಿ ಪ್ರೀತಿ ಉಕ್ಕಿತು.

"ನೆರಳು ಹಾಕ್ರಿ ಸರ," ಎಂದ ಮಾಪಣ್ಣ, ಕಾಲು ಉಜ್ಜಿಕೊಳ್ಳುತ್ತಾ.

ಈ ಸಲ ಪ್ರೇಮಕುಮಾರ ಜಪಾನನ್ನು ಪಕ್ಕಕ್ಕಿಟ್ಟು ಕಣ್ಣ ಕೆಳಗೆ, ಕೆನ್ನೆಗೆ, ಗದ್ದಕ್ಕೆ ಧಾರಾಳವಾಗಿ ನೆರಳು ತುಂಬಿದ.

ಸಂಘಮಿತ್ರಾ ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಭಾಳ ಚಂದ ಬಂದದ್ರಿ," ಎಂದಳು ಮೆಲ್ಲಗೆ. "ಆದ್ರ ಇದೂ ನಮ್ಮವ್ವಂದೇ ಅಲ್ಲೇನ್ರಿ, ಈಗಿಂದು?"