ಫಿಲ್ಟರ್ ಕಿತ್ತ ಲಾರಿಯಲ್ಲಿ ನಾದಿನಿಯ ದಿಬ್ಬಣ

ನನ್ನ ಲಾರಿಯ ಕಾಯಿಲೆಯನ್ನು ನಾನೇ ಗುಣಪಡಿಸಬಲ್ಲೆ ಎಂಬುದರಲ್ಲಿ ನನಗೆ ಕಿಂಚಿತ್ತೂ ಸಂಶಯವಿರಲಿಲ್ಲ. ತೊಂಬತ್ತರ ದಶಕದ ಆರಂಭ. ಸೂಲಿಬೆಲೆಯಿಂದ ಬೆಂಗಳೂರಿಗೆ ತರಕಾರಿ ಹೊಡೆಯುತ್ತಿದ್ದ ನನ್ನ ಹಳೆಯ ಲಾರಿ, ಲೋಡು ತುಂಬಿದರೆ ಏರಿನಲ್ಲಿ ತಿಣುಕತೊಡಗಿತ್ತು. ಟ್ಯಾಂಕಿನಿಂದ ಹೊರಟ ಡೀಸೆಲ್ ಎರಡು ಫಿಲ್ಟರು ದಾಟಿ ಪಂಪಿಗೆ ಹೋಗಬೇಕು, ಪಂಪು ಅದನ್ನು ಎಂಜಿನ್ನಿಗೆ ಚಿಮ್ಮಿಸಬೇಕು. ಇಷ್ಟು ನನಗೆ ಗೊತ್ತಿತ್ತು. ಇಷ್ಟೇ ಗೊತ್ತಿತ್ತು. ದಾರಿಯಲ್ಲಿ ಎರಡೆರಡು ಕಡೆ ತಡೆದರೆ ಪಾಪ, ಪಂಪಿನ ಹೊಟ್ಟೆ ತುಂಬುವುದಾದರೂ ಹೇಗೆ? ಕಟ್ಟಿಕೊಂಡ ಫಿಲ್ಟರನ್ನು ಬದಲಾಯಿಸುವುದು ಸಾಮಾನ್ಯರ ಕೆಲಸ. ನಾನು ಎರಡನ್ನೂ ಕಿತ್ತೇ ಹಾಕಿದೆ.

ಡೇರಿಗೆ ಹಾಲು ಸೋಸುತ್ತಿದ್ದ ನನ್ನ ಹೆಂಡತಿ ಜಯಮ್ಮ ಕತ್ತೆತ್ತಿ ನೋಡಿ, "ಕಸ ಒಳಗೆ ಹೋದ್ರೆ ಏನೂ ಆಗಲ್ವೇನ್ರೀ?" ಎಂದಳು.

ಎಂಜಿನ್ ಎಂದರೆ ಬೆಂಕಿ, ಬೆಂಕಿಗೆ ಬಿದ್ದ ಕಸ ಸುಟ್ಟು ಹೋಗುತ್ತದೆ ಎಂದು ಶಾಸ್ತ್ರೋಕ್ತವಾಗಿ ವಿವರಿಸಿದೆ. ಅವಳು ಮತ್ತೆ ಹಾಲಿನ ಕಡೆಗೆ ತಿರುಗಿದಳು.

ಮರುದಿನ ಲಾರಿ ಕುದುರೆಯಂತೆ ಏರು ಹತ್ತಿತು. ಆ ಹುಮ್ಮಸ್ಸಿನಲ್ಲಿ, ನಾದಿನಿ ಮಂಜುಳಳ ಮದುವೆಗೆ ಹೆಣ್ಣಿನ ಕಡೆಯವರನ್ನೆಲ್ಲ ಶಿವಗಂಗೆಗೆ ನಾನೇ ಕರೆದೊಯ್ಯುವುದಾಗಿ ಸಾರಿಬಿಟ್ಟೆ. ಹೊರಡುವ ಮುನ್ನ ಹಿತ್ತಲಿನ ತುಕ್ಕು ಹಿಡಿದ ಡ್ರಮ್ಮನ್ನು ಬಗ್ಗಿಸಿ, ತಳದ ಡೀಸೆಲ್ಲನ್ನೂ ಬಿಡದೆ ಟ್ಯಾಂಕಿಗೆ ಸುರಿದೆ.

ದೊಡ್ಡಬಳ್ಳಾಪುರ ದಾಟಿ ಡಾಬಸ್‌ಪೇಟೆ ರಸ್ತೆ ಹಿಡಿದಿದ್ದೆವು. ಲಾರಿ ಕೆಮ್ಮಿತು, ಕಪ್ಪು ಹೊಗೆ ಕಾರಿತು, ಬಯಲಿನ ನಡುವೆ ನಿಂತುಬಿಟ್ಟಿತು. ಪಂಪಿನೊಳಗೆ ಡೀಸೆಲ್ ಒತ್ತುವ ಕಡ್ಡಿಗಳು ಕೂದಲೂ ತೂರದಷ್ಟು ಬಿಗಿಯಾಗಿ ಓಡಾಡುತ್ತವಂತೆ. ಅಂಥ ಜಾಗಕ್ಕೆ ನಾನು ಡ್ರಮ್ಮಿನ ತುಕ್ಕನ್ನು ಕಳಿಸಿಕೊಟ್ಟಿದ್ದೆ. ಇದೆಲ್ಲ ತಿಳಿದದ್ದು ಆಮೇಲೆ, ಮೆಕ್ಯಾನಿಕ್ ಪಂಪು ಬಿಚ್ಚಿದಾಗ. ಆ ಬಯಲಿನಲ್ಲಿ ಮಾತ್ರ ಏನೂ ತಿಳಿಯದೆ ಬಾನೆಟ್ ಎತ್ತಿ, ಪೈಪು ಸಡಿಲಿಸಿ, ಮೈಯೆಲ್ಲ ಡೀಸೆಲ್ ಮಾಡಿಕೊಂಡೆ. ಮಾವನವರು ತಲೆಯ ಮೇಲೆ ಕೈ ಹೊತ್ತರು. ಮಂಜುಳಳ ಕಣ್ಣು ತುಂಬಿತ್ತು. ಮುಹೂರ್ತ ಮುಗಿಯುವವರೆಗೆ ಲಾರಿಯ ಕೆಳಗೇ ಮಲಗಿರೋಣ ಎನ್ನಿಸಿತು ನನಗೆ.

ಅಷ್ಟರಲ್ಲಿ ಹಿಂದಿನಿಂದ ಗಂಡಿನ ಕಡೆಯವರ ಲಾರಿ ಬಂತು. ಜಯಮ್ಮ ರಸ್ತೆಯ ಮಧ್ಯಕ್ಕೇ ಹೋಗಿ ನಿಲ್ಲಿಸಿದಳು. ಜಾಗವೇನೋ ಇತ್ತು, ಆದರೆ ಹಿರಿಯರು ಒಪ್ಪಲಿಲ್ಲ. ಧಾರೆಗೆ ಮೊದಲೇ ಹೆಣ್ಣುಗಂಡು ಮುಖ ನೋಡಿಕೊಂಡು ಒಂದೇ ಲಾರಿಯಲ್ಲಿ ಬರುವುದುಂಟೆ ಎಂದು ಶುರುಮಾಡಿದರು.

ಜಯಮ್ಮ ವಾದಕ್ಕೆ ಹೋಗಲಿಲ್ಲ. ನಮ್ಮ ಲಾರಿಯ ಟಾರ್ಪಾಲು ಎಳೆದುಕೊಂಡು ಬಂದಳು. "ಮಧ್ಯಕ್ಕೆ ಇದನ್ನ ಕಟ್ಟಿ. ಆ ಕಡೆ ಗಂಡು, ಈ ಕಡೆ ಹೆಣ್ಣು. ಅಲ್ಲಿ ಅಂತರಪಟ ಅಂತ ಹಿಡಿಯೋದೂ ಒಂದು ಬಟ್ಟೇನೇ ಅಲ್ವಾ?"

ಹೇಳಿದವಳೇ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ, ಲಾರಿ ಹತ್ತಿ, ತಾನೇ ಗಂಟು ಬಿಗಿದಳು. ಹಿರಿಯರೂ ಹತ್ತಿ ಕೂತರು. ನನ್ನ ಫಿಲ್ಟರಿನ ವಿಷಯದಲ್ಲಿ ಜಯಮ್ಮ ಬೀಗರೆದುರು ತುಟಿ ಬಿಚ್ಚಲಿಲ್ಲ. ಗಾಡಿ ಹಳೇದು, ಕಾಯೋಕೆ ನಮ್ಮನೆಯವರೇ ಉಳ್ಕೋತಾರೆ ಎಂದು ನನ್ನನ್ನು ತ್ಯಾಗಮೂರ್ತಿಯನ್ನಾಗಿ ಮಾಡಿ ಹೋದಳು. ಗ್ರೀಸು ಮೆತ್ತಿದ ಕೈಯಲ್ಲಿ ನಾನು ಆ ಹೆಂಗಸಿಗೆ ಮನಸ್ಸಿನಲ್ಲೇ ಮುಗಿದೆ.

ಧಾರೆ ಸರಿಯಾದ ಹೊತ್ತಿಗೆ ನಡೆಯಿತು. ಸಂಜೆ ಗಂಡಿನ ಕಡೆಯ ಅದೇ ಲಾರಿ ಹಿಂದಿರುಗುವಾಗ ನನ್ನ ಲಾರಿಗೆ ಹಗ್ಗ ಕಟ್ಟಿ ದೊಡ್ಡಬಳ್ಳಾಪುರದ ಕಡೆಗೆ ಎಳೆದುಕೊಂಡು ಹೊರಟಿತು. ಅಳಿಯ ಒಬ್ಬನೇ ಕೂತಿದ್ದಾನಲ್ಲ ಎಂಬ ಕನಿಕರಕ್ಕೆ ನನ್ನತ್ತೆ ಎಲೆಯಲ್ಲಿ ಒಬ್ಬಟ್ಟು ಕಟ್ಟಿಕೊಂಡು ನನ್ನ ಪಕ್ಕ ಬಂದು ಕೂತರು. ಅವರಿಗೆ ಕಣ್ಣು ಸ್ವಲ್ಪ ಮಂಜು. ಮುಂದಿನ ಹಗ್ಗ ಕಾಣುತ್ತಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವರು ತೃಪ್ತಿಯಿಂದ ಹೇಳಿದರು:

"ಬೆಳಗ್ಗೆಗಿಂತ ಈಗ ಬಲು ಚೆನ್ನಾಗಿ ಓಡಿಸ್ತಾ ಇದ್ದೀರ, ಅಳಿಯಂದ್ರೇ. ಒಂಚೂರೂ ಸದ್ದೇ ಇಲ್ಲ."

ನಾನು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಬಹಳ ಗಂಭೀರವಾಗಿ ಒಂದು ಹಾರನ್ ಹೊಡೆದೆ.